ಫರಸಿ ಅಂಗಡಿಯ ಪುಕ್ಕಟೆ ಕಾಯಿ

ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತ ಕೂತಿದ್ದಾಗ ಖಾನಾಪುರದಿಂದ ಶೋಭಾಳ ಫೋನು ಬಂತು. ಶೋಭಾ ನನ್ನ ಅಕ್ಕನ ಮಗಳು. ಆಕೆಯ ಅತ್ತೆ ಗಂಗವ್ವ ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯಲ್ಲಿ, ನನ್ನೆದುರಿನ ಮಂಚದ ಮೇಲೆ ಮಲಗಿದ್ದರು. ಖಾನಾಪುರದ ತಮ್ಮ ಮನೆಯ ಏರುತಗ್ಗಾದ ಹಳೇ ಕಲ್ಲಿನ ನೆಲಕ್ಕೆ ಎಡವಿ ಬಿದ್ದು, ಸೊಂಟದ ಬುಡದ ಚಪ್ಪೆಯ ಎಲುಬು ಮುರಿದು, ಇಲ್ಲೇ ಆಪರೇಷನ್ ಆಗಿತ್ತು. ವಾಕರ್ ಹಿಡಿದು ಅಡುಗೆಮನೆಯ ಬಾಗಿಲ ತನಕ ಬರುವಷ್ಟಾಗಿದ್ದರು. ಡಾಕ್ಟರು ಬಿಚ್ಚಿ ಹೇಳಿದ್ದರು: "ಮನಿ ನೆಲಾ ಸಪಾಟ ಆಗಬೇಕು. ಸಂಡಾಸ ಕುರ್ಚಿ ನಮೂನಿದು ಬೇಕು, ಗ್ವಾಡಿಗೆ ಹಿಡಿಕಿ ಬೇಕು. ಅಲ್ಲೀತನಾ ಊರಿಗೆ ಕಳಸಬ್ಯಾಡ್ರಿ." ಗಂಗವ್ವ ಮಾತ್ರ ಬೆಳಗಾದರೆ ಒಂದೇ ಕೇಳುತ್ತಿದ್ದರು, "ನಮ್ಮ ಮನಿಗೆ ಯಾವಾಗ್ರಿ?"

"ಚಿಗವ್ವ, ನಿನಗ ಹೇಳಲಾರದ ಒಂದ ಕೆಲಸ ಮಾಡೇವಿ," ಅಂದಳು ಶೋಭಾ.

"ಏನ ಮಾಡೀರಿ?"

"ಮನಿ ನೆಲಕ್ಕ ಹೊಸಾ ಫರಸಿ ಹಾಕ್ಸಾಕತ್ತೇವಿ. ನೀ ಅತ್ತೀನ್ನ ನೋಡ್ಕೊಳ್ಳಾಕತ್ತಿ, ಮತ್ತ ಇದೊಂದ ತ್ರಾಸ ನಿನಗ ಬ್ಯಾಡ ಅಂದ್ರು ಇವರು. ಗುತ್ತಿಗೆದಾರ ಚದರ ಫೂಟಿಗೆ ಒಂದ ರೇಟ್ ಹೇಳಿದ್ದ. ಪಡಸಾಲಿ ಎಲ್ಲಾ ಅಗದ ಮ್ಯಾಲೆ ಈಗ ಹಳೇದು ಕೀಳೂದು ಬ್ಯಾರೆ, ಮಣ್ಣು ಸಾಗಸೂದು ಬ್ಯಾರೆ, ತಗ್ಗು ತುಂಬೂದು ಬ್ಯಾರೆ, ಗ್ವಾಡಿ ಅಂಚಿನ ಪಟ್ಟಿ ಬ್ಯಾರೆ ಅನ್ನಾಕತ್ತಾನ. ಅಷ್ಟೂ ಕೊಟ್ರ ಸಂಡಾಸಕ್ಕ ಇಟ್ಟ ರೊಕ್ಕ ಹೋಗತೈತಿ."

"ಹಂಗಾರ ಕೆಲಸ ನಿಲ್ಲಸ್ರಿ."

"ಹೆಂಗ ನಿಲ್ಲಸೂದು ಚಿಗವ್ವ? ಮೊದಲ್ನೇ ಫರಸಿಗೆ ಕುಂಕುಮ ಹಚ್ಚಿ, ಕಾಯಿ ಒಡದು ಪೂಜಿ ಮಾಡೇವಿ. ಪೂಜಿ ಆದ ಕೆಲಸ ಅರ್ಧಕ್ಕ ಬಿಟ್ರ ಮನಿಗೆ ಛಲೋ ಅಲ್ಲ. ಅತ್ತಿಗೆ ಗೊತ್ತಾದ್ರ ಎದಿ ಒಡಕೋತಾರ."

ನಾನು ಮೊರ ಬಾಜೂಕ ಸರಿಸಿದೆ. "ಕಾಯಿ ಯಾರು ತಂದಿದ್ರು?"

"ಅವನ ತಂದಿದ್ದ, ಫರಸಿ ಗಾಡಿ ಜೋಡಿ. ಕಾಯಿ, ಕುಂಕುಮ, ಊದಿನಕಡ್ಡಿ, ಕರ್ಪೂರ, ಎಲ್ಲಾ ಒಂದ ಕೈಚೀಲದಾಗ. ಪುಕ್ಕಟೆ. ದೇವರಂದ್ರ ಭಾಳ ಭಕ್ತಿ ಇದ್ದಾಂವ ಅನಸ್ತು."

ಕೈಚೀಲ ಅಂದ ಕೂಡಲೆ ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೈಚೀಲ ನನಗೆ ಗೊತ್ತು. ಅಂಥವನ್ನು ನಾನೇ ಕಟ್ಟುತ್ತಿದ್ದೆ.

ಫೋನು ಇಟ್ಟೆ. ಗಂಗವ್ವ ನನ್ನನ್ನೇ ನೋಡುತ್ತಿದ್ದರು. "ಏನಾತ್ರಿ ಬೀಗತ್ಯಾರ?"

"ಏನಿಲ್ರಿ."

"ನಂದು ಮುರದದ್ದು ಚಪ್ಪಿ ರೀ, ಕಿವಿ ಅಲ್ಲ."

ಬಾಜೂಮನೆಯಾಕೆಗೆ ಗಂಗವ್ವನ ಕಡೆ ಲಕ್ಷ್ಯವಿಡು ಎಂದು ಹೇಳಿ, ಸೀರೆ ಬದಲಿಸಿ, ಖಾನಾಪುರದ ಬಸ್ಸು ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು. ಎಂಥ ದಿನದಲ್ಲೂ ಶಿವ ಒಂದಾದರೂ ದಯೆ ಇಟ್ಟಿರುತ್ತಾನೆ, ಅದನ್ನು ಎಣಿಸಿಕೊಳ್ಳದೆ ಇರಬಾರದು.

ಬಸ್ಸು ಮಚ್ಛೆ ಊರು ದಾಟುವಾಗ ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಗೇಟು ಕಾಣುತ್ತದೆ. ಈಗ ಅಲ್ಲಿ ಬೇರೆ ಯಾರದೋ ಗೋದಾಮು. ಆ ಗೇಟಿಗೆ ಬೀಗ ಬಿದ್ದ ವರ್ಷವೇ ನಾನು ಫರಸಿ ಅಂಗಡಿಯ ಕೌಂಟರಿಗೆ ಕೆಲಸಕ್ಕೆ ಹೋದದ್ದು. ಅಲ್ಲಿಯ ತನಕ ರೊಟ್ಟಿ ಬಡಿಯುವುದು, ಮಗಳನ್ನು ಸಾಲಿಗೆ ಕಳಿಸುವುದು, ಇಷ್ಟೇ ನನ್ನ ಲೋಕ. ಮಗಳ ಸಾಲಿ ಮುಗಿಯುವ ತನಕ ಅಂತ ಹೋದವಳು ಮೊಮ್ಮಗಳು ಹುಟ್ಟುವ ತನಕ ಉಳಿದೆ. ಆಮೇಲೆ ಮೊಣಕಾಲು ಸಾಕು ಅಂದವು, ಬಿಟ್ಟೆ. ಈಗ ಅಂಥ ಕೌಂಟರುಗಳಲ್ಲಿ ಹೊಸ ಹುಡುಗಿಯರು ಕೂತಿರುತ್ತಾರೆ, ಅಂಗಡಿಯ ಹೆಸರಿನ ಟೀ-ಶರ್ಟು ಹಾಕಿಕೊಂಡು. ಅವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ನೆಲಕ್ಕೆ ಹಾಸುವ ಕಲ್ಲಿಗೂ ಫರಸಿ ಅನ್ನುತ್ತಾರೆ, ಟೈಲ್ಸಿಗೂ ಫರಸಿ ಅನ್ನುತ್ತಾರೆ. ಮೊದಲು ಕಲ್ಲು ಮಾರುತ್ತಿದ್ದೆವು, ಆಮೇಲೆ ಮೊಸಾಯಿಕ್, ಆಮೇಲೆ ಮುಖ ಕಾಣುವಂಥ ಹೊಳಪಿನವು. ನಮ್ಮ ಸಾವುಕಾರರು ಹಣೆ ತುಂಬ ವಿಭೂತಿ ಧರಿಸುತ್ತಿದ್ದರು, ನನ್ನನ್ನು "ಅಕ್ಕಾರ" ಎಂದೇ ಕರೆಯುತ್ತಿದ್ದರು. ಒಮ್ಮೆಯೂ ನನಗೆ ಒರಟಾಗಿ ಮಾತಾಡಿದವರಲ್ಲ. ಮೊದಲ ವಾರ ಅವರು ಕಲಿಸಿದ್ದು ಇಷ್ಟು:

"ಅಕ್ಕಾರ, ಚದರ ಫೂಟಿನ ರೇಟ್ ಅಷ್ಟ ಹೇಳ್ರಿ. ಗಿರಾಕಿ ಕೇಳಿದ್ದಕ್ಕ ಉತ್ತರ ಕೊಡ್ರಿ. ಕೇಳಲಾರದ್ದಕ್ಕ ಚಹಾ ಕೊಡ್ರಿ."

ನಾನು ಆ ಮಾತು ಕೇಳಲಿಲ್ಲ. ಒಂದು ದಿನ ಗಂಡ ಹೆಂಡತಿ ಬಂದರು, ಇಬ್ಬರೂ ನೌಕರಿಯವರು. ನಾನು ಅವರನ್ನು ಕೂಡಿಸಿ ಎಲ್ಲ ಹೇಳಿದೆ. ಹಳೇ ನೆಲ ಕೀಳುವ ಕೂಲಿ, ಕಿತ್ತದ್ದನ್ನು ಹೊರಗೆ ಹಾಕುವ ಗಾಡಿ, ಗೋಡೆಯ ಬುಡಕ್ಕೆ ಕೂಡಿಸುವ ಪಟ್ಟಿ, ಮೂಲೆಗೆ ಕತ್ತರಿಸುವಾಗ ಹಾಳಾಗುವ ತುಂಡು, ಮಾಳಿಗೆಗೆ ಹೊತ್ತೊಯ್ಯುವ ಹಮಾಲಿ. ಅವರು ತಲೆಯಾಡಿಸಿ, ಚಹಾ ಕುಡಿದು, ಎದುರಿನ ಅಂಗಡಿಗೆ ಹೋಗಿ ಅಲ್ಲೇ ಖರೀದಿ ಮಾಡಿದರು. ಆಮೇಲೊಂದು ದಿನ ಕಾಯಿಪಲ್ಯೆ ಪ್ಯಾಟಿಯಲ್ಲಿ ಆ ಹೆಣ್ಣುಮಗಳು ಸಿಕ್ಕಳು.

"ನಿಮ್ಮಕಿಂತ ಭಾಳ ಆತ್ರಿ ಅಲ್ಲಿ, ಕಡೀಕ," ಅಂದಳು.

"ಮತ್ತ ನಾ ಎಲ್ಲಾ ಹೇಳಿದ್ನಲ್ಲವಾ?"

"ನೀವು ಒಮ್ಮೆಲೆ ಹೇಳಿದ್ರಿ. ಅಂಜಿಕಿ ಆತು. ಅವರು ತುಸು ತುಸು ಹೇಳಿದ್ರು."

ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಗಿರಾಕಿಗಳ ಮೇಲೂ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಕಿಲೋ ಬದನೆಕಾಯಿಗೆ ಹತ್ತು ಗಾಡಿ ತಿರುಗಿ, ಒಂದೊಂದನ್ನೂ ಹಿಸುಕಿ ನೋಡುವ ಮಂದಿ, ಹತ್ತಿಪ್ಪತ್ತು ವರ್ಷ ತುಳಿಯುವ ನೆಲಕ್ಕೆ ಒಂದೇ ಒಂದು ರೇಟು ಕೇಳಿ ಎದ್ದು ಬರುತ್ತಾರೆ. ಪ್ಯಾಟಿಯ ಆ ಮಾತು ಹೇಳಿದಾಗ ಸಾವುಕಾರರು ನಕ್ಕು ಹೇಳಿದರು: "ನೀವು ಖರೇ ಹೇಳಿ ಗಿರಾಕಿ ಕಳದ್ರಿ. ಎದುರಿನ ಅಂಗಡಿಯಾಂವ ಸುಳ್ಳು ಹೇಳಲಾರದ ಗಳಸಿದ."

ಅದೇ ಈ ಧಂದೆಯ ವಿಷ. ಇಲ್ಲಿ ಸುಳ್ಳು ಹೇಳುವ ಅಗತ್ಯವೇ ಇಲ್ಲ. ಸುಮ್ಮನಿದ್ದರೆ ಸಾಕು.

ಹಿಂದವಾಡಿಯಲ್ಲೇ ಒಬ್ಬ ಡಾಕ್ಟರರ ಮನೆ. ಕೀಳುವ ಖರ್ಚು ಉಳಿಯುತ್ತದೆ ಎಂದು ಹಳೇ ಫರಸಿಯ ಮೇಲೇ ಹೊಸದನ್ನು ಕೂಡಿಸಿದರು. ನೆಲ ಮೇಲೆ ಬಂದರೆ ಬಾಗಿಲು ತಾಗುತ್ತದೆ ಎಂದು ಫರಸಿ ಕೂಡಿಸುವ ನಮ್ಮ ಮಿಸ್ತ್ರಿಗೆ ಗೊತ್ತಿತ್ತು. ಹೇಳಲಿಲ್ಲ, ಅವರು ಕೇಳಿರಲಿಲ್ಲವಲ್ಲ. ಮನೆಯ ಒಂದು ಬಾಗಿಲೂ ಮುಚ್ಚಲಿಲ್ಲ, ಬಡಿಗೇರನನ್ನು ಕರೆಸಿ ಎಲ್ಲ ಬಾಗಿಲ ಬುಡ ಕೊಯ್ಯಿಸಿದರು. ಹಬ್ಬದ ದಿನ ಡಾಕ್ಟರರ ಹೆಂಡತಿ ಅಂಗಡಿಗೆ ಫೋನು ಮಾಡಿ ನನ್ನನ್ನು ಕೇಳಿದರು: "ಹೊಸ್ತಲಾ ಎಲ್ಲಿ ಹೋತ್ರಿ? ಅರಿಷಿಣ ಎಲ್ಲಿ ಹಚ್ಚಲಿ?" ಹೊಸ್ತಿಲು ಹೊಸ ನೆಲದ ಸಮಕ್ಕೆ ಮುಳುಗಿಹೋಗಿತ್ತು. ಅವರು ಸಿಟ್ಟಿಗೇಳಲಿಲ್ಲ, ಅತ್ತರು. ನನಗೇ ಬೈದಿದ್ದರೆ ಚೆನ್ನಾಗಿತ್ತು.

ಕೆಲಸದ ರೀತಿ ಬದಲಾದ ಹಾಗೆ ಹೇಳದೆ ಉಳಿಸುವ ಮಾತುಗಳೂ ಬದಲಾದವು. ಸಣ್ಣ ಫರಸಿ ಇದ್ದಾಗ ನೆಲ ಸ್ವಲ್ಪ ಏರುತಗ್ಗಿದ್ದರೂ ಸಿಮೆಂಟಿನಲ್ಲಿ ಸಂಭಾಳಿಸುತ್ತಿದ್ದರು. ಚಾಪೆಯಷ್ಟು ದೊಡ್ಡವು ಬಂದ ಮೇಲೆ ತಳ ಸಪಾಟಿಲ್ಲದಿದ್ದರೆ ಅವು ಕುಣಿಯುತ್ತವೆ, ಕಾಲಿಟ್ಟಲ್ಲಿ ಬಿರಿಯುತ್ತವೆ. ಅದಕ್ಕೆ ತಳ ಸಮ ಮಾಡಬೇಕು, ಚೀಲಗಟ್ಟಲೆ ಅಂಟು ಬೇಕು, ದೊಡ್ಡದನ್ನು ಕೂಡಿಸುವ ಕೂಲಿಯೂ ಹೆಚ್ಚು. ಇವೆಲ್ಲ ಗೋಡೆಗೆ ತೂಗುಹಾಕಿದ ರೇಟಿನ ಚೀಟಿಯಲ್ಲಿ ಇರುವುದಿಲ್ಲ. ಫರಸಿಯ ಡಬ್ಬಿಗಳನ್ನು ಲೆಕ್ಕಕ್ಕೆ ಸರಿಯಾಗಿ ತಂದು, ಕಡೆಗೆ ಒಂದು ಕಡಿಮೆ ಬಿತ್ತೆಂದು ಓಡಿ ಬಂದರೆ ಅದೇ ಹೆಸರಿನ ಡಬ್ಬಿ ಸಿಗುತ್ತದೆ, ಅದೇ ಬಣ್ಣ ಸಿಗುವುದಿಲ್ಲ. ಹಾಗೆ ನೆಲದಲ್ಲಿ ತೇಪೆ ಬಿದ್ದ ಮನೆಗಳು ಈ ಊರಲ್ಲಿ ಎಷ್ಟಿವೆಯೋ, ತೇಪೆಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದಾರೆ.

ಇನ್ನು ಆ ಕೈಚೀಲದ ಮಾತು.

ಮೊದಲ ಗಾಡಿಯ ಜೊತೆ ಗಿರಾಕಿಯ ಮನೆಗೆ ಪೂಜೆಯ ಸಾಮಾನು ಕಳಿಸುವುದು ನಮ್ಮ ಅಂಗಡಿಯ ಪದ್ಧತಿ. ಅದನ್ನು ಕಟ್ಟುವ ಕೆಲಸ ನನ್ನದು. ನಾನು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಬಂದವಳೇ ಕಾಯಿ ಅಲ್ಲಾಡಿಸಿ ನೋಡಿ, ನೀರು ತುಂಬಿದ್ದನ್ನೇ ಆರಿಸಿ ಹಾಕುತ್ತಿದ್ದೆ. ಬೇರೆ ಅಂಗಡಿಯವರಿಗೆ ಈ ಬುದ್ಧಿ ಇಲ್ಲ, ನಮ್ಮ ಸಾವುಕಾರರು ಶಿವಭಕ್ತರು ಎಂದು ಮನಸ್ಸಿನಲ್ಲಿ ಹಿಗ್ಗು.

ಒಂದು ಮುಂಜಾನೆ ಸಾವುಕಾರರು ನನ್ನ ಬಾಜೂಕ ನಿಂತು ಯಾವುದೋ ಗಿರಾಕಿಯ ಜೊತೆ ಫೋನಿನಲ್ಲಿದ್ದರು. "ಪೂಜಿ ಆತೇನ್ರಿ? ಆತು? ಭಾಳ ಛಲೋ ಆತ್ರಿ, ಶಿವಾ ಒಳ್ಳೇದ ಮಾಡ್ಲಿ," ಅಂದರು. ಆಮೇಲೆ ಫೋನಿನ ಮೇಲೆ ಕೈ ಮುಚ್ಚಿ, ಅಲ್ಲೇ ನಿಂತಿದ್ದ ಮಿಸ್ತ್ರಿಗೆ ಹೇಳಿದರು: "ಕಾಯಿ ಒಡದಾರ. ಈಗ ಹೋಗಿ ಉಳದ ರೇಟ್ ಹೇಳು."

ನಾನು ಕಟ್ಟುತ್ತಿದ್ದ ಚೀಲ ಕೈಯಲ್ಲೇ ಉಳಿಯಿತು.

ನಮ್ಮ ಮಂದಿಯ ಸ್ವಭಾವ ಅವರಿಗೆ ಪೂರ್ತಿ ಗೊತ್ತಿತ್ತು. ಕುಂಕುಮ ಹಚ್ಚಿದ ಫರಸಿಯನ್ನು ಯಾರೂ ತಿರುಗಿ ಕಳಿಸುವುದಿಲ್ಲ. ಕಾಯಿ ಒಡೆದ ಕೆಲಸವನ್ನು ಯಾರೂ ನಡುವೆ ನಿಲ್ಲಿಸುವುದಿಲ್ಲ. ಅಪಶಕುನ ಅನ್ನುತ್ತಾರೆ, ಬಾಯಿ ಮುಚ್ಚಿಕೊಂಡು ಕೇಳಿದ್ದು ಕೊಡುತ್ತಾರೆ.

"ಸಾವುಕಾರ್ರ, ದೇವರನ್ನ ಚಿಲಕಾ ಮಾಡ್ಕೊಂಡೀರಲ್ರಿ," ಅಂದೆ.

"ಅಕ್ಕಾರ, ಮಂದಿ ಕಡಿಂದ ಪೂಜಿ ಮಾಡಸೂದು ಪಾಪ ಏನ್ರಿ?" ಅವರ ಮುಖದಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ.

ಅವತ್ತಿನಿಂದ ನಾನು ಚೀಲ ಕಟ್ಟಲಿಲ್ಲ. ಮತ್ತೊಬ್ಬರು ಕಟ್ಟಿದರು, ಚೀಲ ಹೋಗುತ್ತಲೇ ಇತ್ತು. ನಾನು ಮಾಡಿದ್ದು ಇಷ್ಟೇ, ಕೌಂಟರಿಗೆ ಬಂದ ಹೆಣ್ಣುಮಕ್ಕಳಿಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದೆ: "ಎವ್ವಾ, ಕಾಯಿ ಕಡೀಕ ಒಡೀರಿ. ಕೆಲಸಾ ಮುಗದು, ಲೆಕ್ಕಾ ಮುಗದ ಮ್ಯಾಲೆ." ಕೆಲವರು ತಿಳಿದುಕೊಂಡರು. ಒಬ್ಬಾಕೆ ಮಾತ್ರ ತನ್ನ ಜೊತೆಗಾರ್ತಿಗೆ ನನಗೆ ಕೇಳುವ ಹಾಗೇ ಹೇಳಿದಳು: "ಕೊಳ್ಳಾಗ ಲಿಂಗಾ ಕಟ್ಟ್ಯಾಳ, ಮಾತ ನೋಡ." ಬಸವಣ್ಣನವರ ಹೆಸರು ಹೇಳುವ ಮನೆಯಲ್ಲಿ ಹುಟ್ಟಿದವಳು ನಾನು. ಒಳ್ಳೆಯ ಕೆಲಸಕ್ಕೆ ಎಲ್ಲ ದಿನವೂ ಒಳ್ಳೆಯದೇ ಎಂದು ಕಲಿತವಳು. ದೇವರಿಗೆ ಅಂಜಬೇಕು, ದೇವರ ಹೆಸರಿನಲ್ಲಿ ಅಂಜಿಸುವವನಿಗೆ ಅಂಜಬಾರದು.

ಇಷ್ಟೆಲ್ಲ ತಲೆಯಲ್ಲಿ ಕುದಿಯುತ್ತಿರುವಾಗ ಖಾನಾಪುರ ಬಂತು.

ಶೋಭಾಳ ಮನೆಯ ಪಡಸಾಲೆ ಉತ್ತಿದ ಹೊಲದಂತಿತ್ತು. ಒಂದು ಮೂಲೆಯಲ್ಲಿ ಮುಖ ಕಾಣುವಂಥ ಹೊಳಪಿನ ಒಂದೇ ಒಂದು ಹೊಸ ಫರಸಿ, ಮೇಲೆ ಕುಂಕುಮ, ಒಣಗಿದ ಹೂವು. ಕಿತ್ತ ಕಲ್ಲುಗಳು ಅಂಗಳದಲ್ಲಿ ಗೋಡೆಗೆ ಒರಗಿದ್ದವು. ಒಂದು ಬಿಟ್ಟು ಉಳಿದ ಡಬ್ಬಿಗಳು ಇನ್ನೂ ಒಡೆಯದೆ ಜಗಲಿಕಟ್ಟೆಯ ಮೇಲಿದ್ದವು. ಅದೂ ಒಂದು ದಯೆ. ಅಡುಗೆಮನೆ, ಒಳಕೋಣೆಗಳಿಗೆ ಹಾರೆ ಮುಟ್ಟಿರಲಿಲ್ಲ, ಅದು ಇನ್ನೊಂದು.

ಶೋಭಾಳ ಗಂಡ ಮಹಾಂತೇಶ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುವ ಅಂಗಡಿ ಇಟ್ಟವನು, ಸಾಧು. ತಲೆ ಕೆಳಗೆ ಹಾಕಿ ನಿಂತಿದ್ದ. ಗುತ್ತಿಗೆದಾರ ಸಂತೋಷ ಮುಂದೆ ಬಂದು ಕೈಮುಗಿದ. ಹಣೆಯ ಮೇಲೆ ಉದ್ದ ಕುಂಕುಮದ ನಾಮ.

"ಬರ್ರಿ ಮೌಶಿ, ಕುಂದರ್ರಿ."

"ಎಲ್ಲಿ ಕುಂದರ್ಲಿ? ನೆಲಾ ಎಲ್ಲಿ ಇಟ್ಟೀಯಪಾ?"

ಅವನು ನಕ್ಕ. "ಮೌಶಿ, ನಾ ಹೇಳಿದ ರೇಟ್ ಫರಸಿದಷ್ಟ. ಕೀಳೂದು, ತುಂಬೂದು ಬ್ಯಾರೆ. ಅದು ಎಲ್ಲಾರಿಗೂ ಗೊತ್ತಿರತೈತಿ."

"ಎಲ್ಲಾರಿಗೂ ಅಂದ್ರ ಯಾರಿಗೆ?"

"ಈ ಲೈನದಾಗ ಇದ್ದವರಿಗೆ."

"ಇಂವ ಅರಬಿ ಹೊಲಿಯಾಂವ. ನೀ ಅಂಗಿ ಹೊಲಸಾಕ ಕೊಟ್ಟು, ತಗೊಂಡ ಹೋಗಾಕ ಬಂದಾಗ 'ತೋಳು ಬ್ಯಾರೆ, ಗುಂಡಿ ಬ್ಯಾರೆ, ಇದು ಎಲ್ಲಾರಿಗೂ ಗೊತ್ತಿರತೈತಿ' ಅಂದ್ರ ಏನ್ ಮಾಡ್ತಿ?"

ಸಂತೋಷನ ನಗು ನಿಂತಿತು. ಮಹಾಂತೇಶ ಮೊದಲ ಸಲ ತಲೆ ಎತ್ತಿದ.

"ಆದ್ರ ಚಿಗವ್ವಾರ," ಅಂದ ಮಹಾಂತೇಶ, "ಪೂಜಿ ಆಗೇತ್ರಿ. ಅರ್ಧಕ್ಕ ನಿಲ್ಲಸಿದ್ರ ಅವ್ವ ಒಪ್ಪೂದಿಲ್ರಿ. ತಾ ಬಿದ್ದ ಮನಿಗೆ ಮತ್ತ ಅಪಶಕುನ ಆತು ಅಂತಾಳ. ಸಂಡಾಸ ಮುಂದಿನ ವರ್ಷ ಮಾಡ್ಸಿದ್ರಾತು, ಅಲ್ಲೀತನಾ ಅವ್ವ ನಿಮ್ಮ ಮನ್ಯಾಗ..."

ನನ್ನ ಮನೆಯಲ್ಲಿ ಗಂಗವ್ವ ಎಷ್ಟು ವರ್ಷ ಇದ್ದರೂ ನನಗೆ ಭಾರವಲ್ಲ. ಆದರೆ ತನ್ನ ಮನೆಗೆ ಯಾವಾಗ ಎಂದು ದಿನಾ ಕೇಳುವಾಕೆಗೆ, ನಿನ್ನ ಮನೆಯನ್ನು ಒಂದು ತೆಂಗಿನಕಾಯಿ ಕಿತ್ತುಕೊಂಡಿತು ಎಂದು ಯಾವ ಬಾಯಿಂದ ಹೇಳಲಿ? ನಾನು ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ, ಗಂಗವ್ವನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಮಗನನ್ನು ಕರೆದರು.

"ಮಾಂತೇಶಾ."

"ಹೂಂ, ಅವ್ವಾ."

"ಆ ಪೂಜಿ ಯಾರಿಗೆ ಮಾಡಿದ್ದು? ದೇವರಿಗೋ, ಗುತ್ತಿಗೆದಾರಗೋ?"

"ದೇವರಿಗವ್ವಾ."

"ಹಂಗಾರ ದೇವರ ಕೂಡ ನಾ ಮಾತಾಡ್ತೀನಿ. ನೀ ಗುತ್ತಿಗೆದಾರನ ಕೂಡ ಮಾತಾಡು. ನನಗ ಸಂಡಾಸ ಬೇಕು. ಮುಖಾ ನೋಡ್ಕೊಳ್ಳಾಕ ಮನ್ಯಾಗ ಕನ್ನಡಿ ಐತಿ, ಅಡಗಿಮನಿ ನೆಲದಾಗ ಯಾಕ ನೋಡ್ಕೊಳ್ಳಲಿ?"

ಫೋನು ಕಟ್ಟಾಯಿತು. ಶೋಭಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಆಮೇಲೆ ಅತ್ತಳು.

ನಾನು ಸಂತೋಷನಿಗೆ ಹೇಳಿದೆ: "ಇನ್ನ ಏನೇನು ಬ್ಯಾರೆ ಐತಿ, ಇಲ್ಲೇ ನಿಂತು ಎಲ್ಲಾರ ಮುಂದ ಬಾಯಿಬಿಟ್ಟು ಹೇಳು. ಇವತ್ತ ಹೇಳಲಾರದ್ದನ್ನ ನಾಳೆ ಕೇಳಬ್ಯಾಡ." ಅವನು ಒಂದೊಂದಾಗಿ ಹೇಳಿದ. ಅಂಟು, ಸಂದು ತುಂಬುವ ಪುಡಿ, ಬಾಗಿಲ ಬುಡ ಕೊಯ್ಯುವುದು, ಬೆಳಗಾವಿಯಿಂದ ಬಂದ ಗಾಡಿ ಬಾಡಿಗೆ. ಕಿತ್ತ ಕಲ್ಲುಗಳನ್ನು ಮಾತ್ರ "ನಾನ ಒಯ್ತೀನಿ, ನಿಮಗ್ಯಾಕ ತ್ರಾಸ" ಅಂದ. ಅದನ್ನೂ ನಾನು ಬಲ್ಲೆ. ಹಳೇ ಕಲ್ಲಿಗೆ ಕೊಳ್ಳುವವರಿದ್ದಾರೆ. ಸಾಗಿಸುವ ಖರ್ಚು ನಮ್ಮಿಂದ, ಮಾರಿದ ದುಡ್ಡು ಅವನಿಗೆ.

"ಕಲ್ಲು ಇಲ್ಲೇ ಇರತಾವ," ಅಂದೆ. "ಹಿತ್ತಲ ಸಂಡಾಸಕ್ಕ ಹೋಗೂ ದಾರ್ಯಾಗ ಸಪಾಟ ಕೂಡಸು. ಗಂಗವ್ವ ವಾಕರ್ ಹಿಡದ ನಡೀಬೇಕು. ಪಡಸಾಲಿ ಒಂದ ಹೊಸಾದು ಮಾಡು, ಒಳಗಿನ ನೆಲದ ಸಮಕ್ಕ, ಒಂದ ಎಳ್ಳಿನಷ್ಟೂ ಮ್ಯಾಲೆ ಬರಬಾರದು. ಒಳಗ ಎದ್ದ ಕಲ್ಲಷ್ಟ ಕಿತ್ತು ಕೂಡಸು. ಉಳದ ಡಬ್ಬಿ ಅಂಗಡಿಗೆ ಒಯ್ದು ಬದಲಿ ಮಾಡಸು. ಪಡಸಾಲಿಗೂ ಸಂಡಾಸಕ್ಕೂ ಕಾಲು ಜಾರಲಾರದಂಥವು ಬೇಕು."

"ವಾಪಸ್ ತಗೊಳ್ಳೂದಿಲ್ರಿ ಅವರು."

"ವಾಪಸ್ ಅಂದ್ರ ಮುಖಾ ಗಂಟ ಹಾಕ್ತಾರ. ಬದಲಿ ಅಂದ್ರ ಚಹಾ ಕೊಡ್ತಾರ. ನಾ ಕೊಟ್ಟಾಕೀನ ಅದೀನಿ ಆ ಚಹಾ. ಒಡೀಲಾರದ ಡಬ್ಬಿ ಅವು, ತಗೋತಾರ, ಫೋನ್ ಹಚ್ಚು."

ಅವನು ಅಂಗಳಕ್ಕೆ ಹೋಗಿ ಮರಾಠಿಯಲ್ಲಿ ಬಹಳ ಹೊತ್ತು ಮಾತಾಡಿ ಬಂದ. ಬದಲಿ ಕೊಡುತ್ತಾರೆ ಅಂದ. ಹೋಗುವಾಗ, "ಮೌಶಿ, ನೀವು ಯಾವ ಅಂಗಡ್ಯಾಗ ಇದ್ರಿ?" ಅಂತ ಕೇಳಿದ. ನಾನು ಡಬ್ಬಿ ಎಣಿಸಲು ನಿಂತೆ.

ಎಲ್ಲ ನಮ್ಮ ಕಡೆಗೇ ಆಯಿತು ಅಂತಲ್ಲ. ಕೀಳುವ ಕೂಲಿ ಕೊಟ್ಟೆವು, ಗಾಡಿ ಬಾಡಿಗೆ ಎರಡು ಸಲ ಕೊಟ್ಟೆವು. ಕುರ್ಚಿ ನಮೂನೆಯ ಸಂಡಾಸ, ಹಿಡಿಕೆ ಆದವು, ಅದರ ಗೋಡೆಗೆ ಬಣ್ಣ ಮಾತ್ರ ಆಗಲಿಲ್ಲ. ಕೀಳುವವನಿಗೂ ಹೊಟ್ಟೆ ಇದೆ, ಕೂಲಿಯ ಮೇಲೆ ನನಗೆ ಸಿಟ್ಟಿಲ್ಲ. ನೆಲ ಅಗೆದು, ಹಿಂದೆ ಹೋಗಲಾರದ ಹಾಗೆ ಮಾಡಿ, ಆಮೇಲೆ ಬಾಯಿ ತೆರೆಯುವುದರ ಮೇಲೆ ಸಿಟ್ಟು. ಕೌಂಟರಿನಲ್ಲಿ ಕೂತ ಹುಡುಗಿಯರೇ, ನಿಮಗೂ ಸಾವುಕಾರರು ಚಹಾ ಕೊಡಲು ಕಲಿಸುತ್ತಾರೆ. ಕೊಡಿರಿ. ಆದರೆ ಚಹಾ ಕುಡಿಯುವವರಿಗೆ ಒಂದು ಪ್ರಶ್ನೆ ನೀವೇ ಕಲಿಸಿಕೊಡಿರಿ: "ಇದರಾಗ ಏನೇನು ಬಂದಿಲ್ಲ?" ಅಂತ ಕೇಳಲು ಹೇಳಿರಿ. ಗಿರಾಕಿ ಹೋದರೆ ಹೋಗಲಿ, ಅಂಗಡಿ ಮುಳುಗುವುದಿಲ್ಲ. ನಾನು ಇದ್ದ ಅಂಗಡಿ ನನ್ನಂಥವಳನ್ನು ಇಟ್ಟುಕೊಂಡೂ ಮೂರು ಅಂತಸ್ತಾಗಿದೆ.

ಕುಂಕುಮ ಹಚ್ಚಿದ ಆ ಹೊಳಪಿನ ಫರಸಿಯನ್ನು ಮೂಲೆಯಿಂದ ಬಿಡಿಸಿ, ದೇವರಮನೆಯ ಜಗಲಿಯ ಮುಂದೆ ಹಾಕಿಸಿದರು. ಅದು ಗಂಗವ್ವನ ಅಪ್ಪಣೆ.

ಅವರನ್ನು ಊರಿಗೆ ಕರೆದೊಯ್ದ ದಿನ ನಾನೂ ಜೊತೆಗಿದ್ದೆ. ಹೊಸ್ತಿಲ ಹತ್ತಿರ ಮಹಾಂತೇಶ ಕೈ ಹಿಡಿಯಲು ಬಂದ. "ಸರಿ ಬಾಜೂಕ," ಅಂದರು. ವಾಕರ್ ಎತ್ತಿ ಒಳಗಿಟ್ಟರು, ಪಡಸಾಲೆ ದಾಟಿದರು, ಹಿತ್ತಲ ಕಲ್ಲಿನ ದಾರಿಯಲ್ಲಿ ಟಕ್ ಟಕ್ ಅನ್ನಿಸುತ್ತ ಒಬ್ಬರೇ ಸಂಡಾಸಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಮೂವರೂ ಮದುವೆಮನೆಯ ಬೀಗರಂತೆ ಹೊರಗೆ ಕಾಯುತ್ತ ನಿಂತೆವು. ಒಳಗಿಂದ ದನಿ ಬಂತು: "ಎಲ್ಲಾರೂ ಯಾಕ ನಿಂತೀರಿ? ಇಲ್ಲೂ ಪೂಜಿ ಐತೇನು?"

ಸಂತೋಷನ ಲೆಕ್ಕ ಚುಕ್ತಾ ಮಾಡಿ ಅವನನ್ನು ಕಳಿಸಿದ ಮೇಲೆ, ಮಹಾಂತೇಶ ತನ್ನ ದುಡ್ಡಿನಿಂದ ಕೊಂಡು ತಂದ ಕಾಯಿಯನ್ನು ಗಂಗವ್ವ ಕೂತಲ್ಲಿಂದಲೇ ಕೈಮುಗಿಯುತ್ತಿರಲು ಒಡೆದ. ಒಂದು ಹೋಳನ್ನು ಅವರು ನನ್ನ ಚೀಲಕ್ಕೆ ಹಾಕಿದರು. "ಇದು ಪುಕ್ಕಟೆ ಅಲ್ರಿ ಬೀಗತ್ಯಾರ, ಅಂಜಬ್ಯಾಡ್ರಿ."

ಹಿಂದವಾಡಿಗೆ ಬಂದು ಮುಟ್ಟಿದಾಗ ಪಡಸಾಲೆಯ ಮಂಚ ಖಾಲಿ ಇತ್ತು. ಹಾಸಿಗೆ ಸುತ್ತಿ ಇಟ್ಟೆ. ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಈಳಿಗೆ ಮಣೆ ಹಾಕಿಕೊಂಡು ಚಟ್ನಿಗೆ ಆ ಕಾಯಿ ಹೋಳು ಹೆರೆಯಲು ಕೂತೆ.